ಬೆಣ್ಣೆಹಣ್ಣಿನ ಮರದಲ್ಲೊಂದು ಕಿಂಡಿ

ಹಲ್ಲಿನ ಡಾಕ್ಟರಮ್ಮನ ಮನೆಯ ಹಿತ್ತಲಿನಲ್ಲಿದ್ದ ಬೆಣ್ಣೆಹಣ್ಣಿನ ಮರ ಮೂರು ವರ್ಷದಿಂದ ರೋಗಿಗಳನ್ನು ಹೆದರಿಸುತ್ತಿತ್ತು. ಅವರ ಕ್ಲಿನಿಕ್ಕು ಇದ್ದದ್ದು ಮನೆಯ ಹಿಂಭಾಗದ ಕೋಣೆಯಲ್ಲಿ, ತಗಡಿನ ಮಾಡಿನ ಕೆಳಗೆ. ಮರದ ಅರ್ಧ ಭಾಗ ಆ ಮಾಡಿನ ಮೇಲೆಯೇ ಚಾಚಿಕೊಂಡಿತ್ತು. ಯಾರೋ ಬಾಯಿ ತೆರೆದು ಮಲಗಿರಬೇಕು, ಡಾಕ್ಟರು ದವಡೆ ಹಲ್ಲಿನೊಳಗೆ ಡ್ರಿಲ್ ಇಳಿಸಿರಬೇಕು, ಸರಿಯಾಗಿ ಆಗಲೇ ಮೇಲಿಂದ ಧಡ್! ಅರ್ಧ ಕಿಲೋ ತೂಗುವ ಕಾಯಿ. ಕುರ್ಚಿಯಲ್ಲಿದ್ದವರು ಒಂದು ಗೇಣು ಮೇಲೆ ಹಾರುತ್ತಿದ್ದರು. ಕಳೆದ ವಾರ ಹಾಗೆ ಹಾರಿದ ಬ್ಯಾಂಕ್ ಮ್ಯಾನೇಜರೊಬ್ಬರು ಡಾಕ್ಟರ ಬೆರಳನ್ನೇ ಕಚ್ಚಿಬಿಟ್ಟಿದ್ದರು. ಡಾಕ್ಟರು ಆ ಬೆರಳಿಗೆ ಪಟ್ಟಿ ಸುತ್ತಿಕೊಂಡು, ಉಳಿದ ಬೆರಳುಗಳಿಂದ ಗರಗಸದಕ್ಕನಿಗೆ ಫೋನ್ ಒತ್ತಿದರು.

ಗರಗಸದಕ್ಕ ಮನೆ ತೋಟಗಳ ಮರ ಸವರುವವಳು. ವಯಸ್ಸು ಐವತ್ತೆರಡು, ಮೈಕಟ್ಟು ಸಣ್ಣದು, ಮುಂಗೈ ಮಾತ್ರ ಹಿಟ್ಟು ನಾದುವವರದ್ದಕ್ಕಿಂತ ಗಟ್ಟಿ. ಸೊಂಟಕ್ಕೆ ಪಟ್ಟಿ, ಪಟ್ಟಿಗೆ ಹಗ್ಗ, ಬಲತೊಡೆಗೆ ಬಾಗಿದ ಕೈಗರಗಸ ಕಟ್ಟಿಕೊಂಡು ಇಪ್ಪತ್ತಾರು ವರ್ಷದಿಂದ ಮರ ಹತ್ತುತ್ತಿದ್ದಳು. ಕೆಳಗೆ ನಿಂತು ಹಗ್ಗ ಹಿಡಿಯುತ್ತಿದ್ದವರು ಅವಳ ಅಕ್ಕನ ಗಂಡ. ಅವರು ಬಸ್ ಕಂಡಕ್ಟರಾಗಿ ನಿವೃತ್ತರಾದವರು. ಕೆಲಸ ಬಿಟ್ಟರೂ ಆ ಕೆಲಸದ ಮಾತು ಬಿಟ್ಟಿರಲಿಲ್ಲ. ಕೊಂಬೆ ಇಳಿಸಬಹುದು ಎನ್ನುವುದಕ್ಕೆ "ರೈಟ್, ರೈಟ್!" ಎನ್ನುವರು, ನಿಲ್ಲಿಸು ಎನ್ನುವುದಕ್ಕೆ "ಓಲ್ಡಾನ್!" ಎಂದು ಕೂಗುವರು. ಬೀದಿಯಲ್ಲಿ ಹೋಗುವ ಆಟೋದವರು ಎಷ್ಟೋ ಸಲ ಅದನ್ನು ಕೇಳಿ ಬ್ರೇಕ್ ಹಾಕಿದ್ದುಂಟು.

"ಅರ್ಧಕ್ಕೆ ಇಳಿಸಿಬಿಡಿ," ಎಂದರು ಡಾಕ್ಟರು, ಮರದ ನಡುವಿಗೆ ಬೆರಳು ತೋರಿಸಿ. "ಇಲ್ಲಿಂದ ಮೇಲಕ್ಕೆ ಏನೂ ಬೇಡ."

"ತಲೆ ಹಾರಿಸಿದ್ರೆ ಒಂದಿದ್ದದ್ದು ಹತ್ತಾಗುತ್ತೆ ಡಾಕ್ಟ್ರೇ," ಎಂದಳು ಗರಗಸದಕ್ಕ. "ಕಡಿದ ಕಡೆಯಿಂದೆಲ್ಲ ಕೋಲಿನ ಥರ ಕುಡಿ ಏಳ್ತವೆ. ಒಂದಕ್ಕೂ ಹಿಡಿತ ಇರೋದಿಲ್ಲ, ಗಾಳಿಗೆ ಮುರೀತವೆ. ಈ ಜಾತಿ ಮರದ ತೊಗಟೆ ಬೇರೆ ಮಗು ಚರ್ಮ ಇದ್ದ ಹಾಗೆ. ಒಮ್ಮೆಗೇ ಬಿಸಿಲು ಬಿದ್ರೆ ಸುಟ್ಟುಹೋಗುತ್ತೆ. ಮಾಡಿನ ಮೇಲೆ ಬಂದಿರೋದನ್ನ ತೆಗೀತೀನಿ, ಒಣಗಿದ್ದು ತೆಗೀತೀನಿ, ಒಂದರ ಮೇಲೊಂದು ಉಜ್ಜಾಡ್ತಿರೋದನ್ನ ತೆಗೀತೀನಿ. ಕಾಯಿ ನೆಲಕ್ಕೆ ಬೀಳುತ್ತೆ, ನಿಮ್ಮ ಬೆರಳು ಉಳಿಯುತ್ತೆ."

ಡಾಕ್ಟರಿಗೆ ಆ ಕೊನೆಯ ಮಾತು ಹಿಡಿಸಿತು. "ಸರಿ, ನಿಮ್ಮ ಕೆಲಸ ನಿಮಗೆ ಗೊತ್ತು."

"ಇದನ್ನ ಮುಂಚೆ ಯಾರು ಸವರ್ತಿದ್ರು?"

"ಯಾರೂ ಇಲ್ಲ. ಮನೆ ತಗೊಂಡು ಒಂಬತ್ತು ವರ್ಷ ಆಯ್ತು, ಒಂದು ಎಲೆ ಕಿತ್ತಿಲ್ಲ ನಾವು."

ಗರಗಸದಕ್ಕ ಹತ್ತಿದಳು. ಹದಿನೈದು ಅಡಿ ಮೇಲೆ, ಮುಖ್ಯ ಕಾಂಡ ಎರಡಾಗುವ ಕವಲಿನಲ್ಲಿ ಕೂತು ಹಗ್ಗ ಬಿಗಿಮಾಡಿಕೊಂಡು ಸುತ್ತ ನೋಡಿದವಳು ಗರಗಸ ತೆಗೆಯುವುದನ್ನೇ ಬಿಟ್ಟಳು. ಕೆಳಗೆ ಭಾವ ಎರಡು ಸಲ "ರೈಟ್" ಎಂದರು.

"ಏನಮ್ಮ, ಜೇನುಗೂಡಾ?"

"ಅಲ್ಲ ಭಾವ. ಯಾರೋ ಈ ಮರ ಸವರಿದ್ದಾರೆ."

"ಸವರಿದ್ರೆ ಸವರ್ಲಿ ಬಿಡು."

"ಹೇಗೆ ಬಿಡ್ಲಿ? ಯಾರೂ ಮುಟ್ಟಿಲ್ಲ ಅಂದ್ರಲ್ಲ ಅವರು!"

ಮರಕ್ಕೆ ಆದ ಗಾಯವನ್ನು ಮರ ಮುಚ್ಚಿಟ್ಟುಕೊಳ್ಳುವುದಿಲ್ಲ. ಕತ್ತರಿಸಿದ ಜಾಗದ ಸುತ್ತ ಹೊಸ ತೊಗಟೆ ತುಟಿಯಂತೆ ಉಬ್ಬಿ ಬರುತ್ತದೆ. ವರ್ಷ ವರ್ಷವೂ ಆ ತುಟಿ ದಪ್ಪವಾಗುತ್ತಾ ನಡುವಿನ ಬಾಯನ್ನು ಮುಚ್ಚುತ್ತದೆ. ತುಟಿಯ ಅಗಲ ನೋಡಿ ಗಾಯದ ವಯಸ್ಸು ಹೇಳುವುದು ಗರಗಸದಕ್ಕನಿಗೆ ಮಕ್ಕಳ ಎತ್ತರ ನೋಡಿ ತರಗತಿ ಹೇಳಿದಷ್ಟು ಸಲೀಸು. ಇಲ್ಲಿ ಒಂದಲ್ಲ, ಇಪ್ಪತ್ತಮೂರು ಗಾಯಗಳಿದ್ದವು. ಎಲ್ಲಕ್ಕಿಂತ ಹಳೆಯದು ಏಳು ವರ್ಷದ್ದು. ಹೊಸದಕ್ಕೆ ಇನ್ನೂ ತುಟಿಯೇ ಮೂಡಿರಲಿಲ್ಲ.

ಅವಳು ಕೊಂಬೆಯಿಂದ ಕೊಂಬೆಗೆ ಸರಿಯುತ್ತಾ ಒಂದೊಂದನ್ನೇ ಬೆರಳಿನಿಂದ ಮುಟ್ಟಿ ನೋಡಿದಳು. ಏಳು ವರ್ಷದ ಹಿಂದಿನದು ಶುದ್ಧ ಅನನುಭವಿಯ ಕೆಲಸ. ಮೇಲಿಂದ ಕೊಯ್ದಿದ್ದರು, ಕೊಂಬೆ ಅರ್ಧಕ್ಕೇ ಜಾರಿ ತೊಗಟೆಯನ್ನು ಒಂದು ಮೊಳದುದ್ದ ಸೀಳಿಕೊಂಡು ಬಿದ್ದಿತ್ತು. ಆ ಜಾಗ ಇವತ್ತಿಗೂ ಕೊಳೆತು ಟೊಳ್ಳಾಗಿತ್ತು. ಮರುವರ್ಷದ ಗಾಯಗಳಲ್ಲಿ ಸೀಳು ಕಡಿಮೆ. ಅದರ ಮರುವರ್ಷ, ಮೊದಲು ಕೆಳಗಿನಿಂದ ಸಣ್ಣದೊಂದು ಕಚ್ಚು ಹಾಕಿ ಆಮೇಲೆ ಮೇಲಿಂದ ಕೊಯ್ಯುವುದನ್ನು ಕಲಿತಿದ್ದರು. ನಾಲ್ಕನೆಯ ವರ್ಷಕ್ಕೆ ಬಂದರೆ ಗರಗಸದಕ್ಕನೇ ಬೆರಗಾದಳು. ಕೊಂಬೆ ಕಾಂಡವನ್ನು ಸೇರುವಲ್ಲಿ ಕೊರಳಿನಂಥ ಒಂದು ಉಬ್ಬು ಇರುತ್ತದೆ. ಅದನ್ನು ಕೊಯ್ಯದೆ, ಅದರಾಚೆ ಮೊಂಡೂ ಉಳಿಸದೆ, ಸರಿಯಾಗಿ ಅಂಚಿಗೆ ಕತ್ತರಿಸಿದರೆ ಮಾತ್ರ ಗಾಯ ದುಂಡಗೆ ಮುಚ್ಚಿಕೊಳ್ಳುತ್ತದೆ. ಅವಳಿಗೆ ಇದು ಕೈಗೆ ಹತ್ತಲು ಮೂರು ವರ್ಷ ಬೇಕಾಗಿತ್ತು, ಅದೂ ಕಲಿಸುವವರಿದ್ದು. ಇಲ್ಲಿನ ಗಾಯಗಳು ಅಚ್ಚೊತ್ತಿದ ಉಂಗುರಗಳಂತೆ ದುಂಡಗಿದ್ದವು.

ಆಮೇಲಿನದ್ದು ಅವಳಿಗೆ ಇಷ್ಟವಾಗಲಿಲ್ಲ. ಐದನೆಯ ವರ್ಷದ ಗಾಯದ ಪಕ್ಕ ಒಂದು ಗೀರು, ಗರಗಸ ಊರುವಾಗ ಜಾರಿದ್ದು. ಆರನೆಯದರ ಪಕ್ಕ ಮೂರು ಗೀರು. ಈ ವರ್ಷದ್ದರ ಸುತ್ತ ಬೆಕ್ಕು ಪರಚಿದಂತೆ ಹತ್ತಾರು. ಮೊದಮೊದಲು ಮರದ ಒಳಗಿನವರೆಗೂ ಬಂದಿದ್ದ ಕೈ, ಬರಬರುತ್ತಾ ಹಿಂದಿನ ಕಾಂಪೌಂಡ್ ಗೋಡೆಯ ಪಕ್ಕಕ್ಕೇ ನಿಂತುಬಿಟ್ಟಿತ್ತು.

ಗೋಡೆಯ ಕಡೆಯ ಒಂದು ಕೊಂಬೆಯನ್ನು ಎತ್ತಿ ನೋಡಿದಾಗ ಎಲೆಗಳ ಮರೆಯಲ್ಲಿ ಗರಗಸವೇ ಸಿಕ್ಕಿತು. ಕೆಳಗಿನಿಂದ ಬೇಕಾದ್ದಕ್ಕಿಂತ ಹೆಚ್ಚು ಕೊರೆದಿದ್ದರಿಂದ ಕೊಂಬೆ ಭಾರಕ್ಕೆ ಜಗ್ಗಿ ಅಲಗನ್ನು ಕಚ್ಚಿಕೊಂಡಿತ್ತು. ಪಾಪ, ಎಳೆದವರಿಗೆ ಬಿಡಿಸಲು ಆಗಿಲ್ಲ. ಅಲಗಿನ ಮೇಲೆ ತುಕ್ಕು ಹಿಡಿದಿತ್ತು. ಅವಳು ಕೊಂಬೆಗೆ ಹೆಗಲು ಕೊಟ್ಟು ಎತ್ತಿ, ಗರಗಸ ಬಿಡಿಸಿ, ಹಗ್ಗಕ್ಕೆ ಕಟ್ಟಿ ಕೆಳಗಿಳಿಸಿದಳು.

ಡಾಕ್ಟರು ಅದನ್ನು ನೋಡಿದವರೇ ಹುಬ್ಬೇರಿಸಿದರು. "ಅಂದ್ರೆ ಯಾರೋ ನನ್ನ ಮರದೊಳಗೆ ಬರ್ತಿದ್ರು? ಏಳು ವರ್ಷದಿಂದ? ನಮಗೇ ಗೊತ್ತಿಲ್ದೆ?"

"ಕಳ್ಳ ಇರ್ಬೇಕು," ಎಂದರು ಭಾವ.

"ಮನೆಗೆ ಬಂದು ಕೊಂಬೆ ಸವರಿ ಹೋಗೋ ಕಳ್ಳ ಎಲ್ಲಾದ್ರೂ ಇದ್ದಾನಾ ಭಾವ? ಹಾಗಿದ್ರೆ ನನ್ನ ಹೊಟ್ಟೆಪಾಡು ಏನಾಗ್ಬೇಕು?"

ಡಾಕ್ಟರು ಹಣೆಗೆ ಕಟ್ಟಿದ್ದ ಭೂತಗನ್ನಡಿಯನ್ನು ಕಣ್ಣಿನ ಮೇಲೆ ಎಳೆದುಕೊಂಡು ಅಲಗನ್ನು ಪರೀಕ್ಷಿಸಿದರು. ಹಲ್ಲಿನ ವಿಷಯ ಬಂದರೆ ಅವರಿಗೂ ಸುಮ್ಮನಿರಲು ಆಗುತ್ತಿರಲಿಲ್ಲ. "ಎಷ್ಟು ಸಣ್ಣ ಹಲ್ಲು ನೋಡಿ! ನಿಮ್ಮದರ ಕಾಲು ಭಾಗವೂ ಇಲ್ಲ. ಒಂದೊಂದನ್ನೂ ಅರದಿಂದ ಕೈಯಲ್ಲೇ ಮಸೆದಿದ್ದಾರೆ. ಎಲ್ಲ ಒಂದೇ ಎತ್ತರ. ಇದು ಯಾರೋ ತುಂಬಾ ಅಚ್ಚುಕಟ್ಟಿನ ಮನುಷ್ಯನದು."

"ಸದ್ದು ಕೇಳಿಸ್ಲೇ ಇಲ್ವಾ ನಿಮಗೆ?"

"ಮಧ್ಯಾಹ್ನ ಮೂರರಿಂದ ನನ್ನ ಡ್ರಿಲ್ ಶುರುವಾಗುತ್ತೆ. ಆಮೇಲೆ ಗೋಡೆ ಒಡೆದ್ರೂ ಕೇಳ್ಸಲ್ಲ," ಎಂದವರು, ತಾವು ಹೇಳಿದ್ದೇನೆಂದು ತಮಗೇ ಹೊಳೆದು ಬಾಯಿ ಮುಚ್ಚಿಕೊಂಡರು.

ಯಾರು ಎನ್ನುವುದಕ್ಕಿಂತ ಯಾಕೆ ಎನ್ನುವುದು ಗರಗಸದಕ್ಕನ ತಲೆ ಕೊರೆಯುತ್ತಿತ್ತು. ಕಾಯಿಗಾಗಿ ಅಲ್ಲ, ಕಾಯಿ ಬಿಡುವ ಕೊಂಬೆಗಳನ್ನು ಮುಟ್ಟಿರಲಿಲ್ಲ. ಸೌದೆಗೂ ಅಲ್ಲ, ದಪ್ಪ ಕೊಂಬೆಗಳನ್ನು ಬಿಟ್ಟಿದ್ದರು. ನೆರಳಿಗಾಗಿಯೂ ಅಲ್ಲ, ಬಿಸಿಲಿಗಾಗಿಯೂ ಅಲ್ಲ. ಅವಳು ಮತ್ತೆ ಹತ್ತಿ, ಈ ಸಲ ಗಾಯಗಳನ್ನು ಬಿಟ್ಟು, ಗಾಯಗಳ ನಡುವಿನ ಜಾಗವನ್ನು ನೋಡಿದಳು. ಗೋಡೆಯ ಕಡೆಯ ಗಾಯದಿಂದ ಒಳಗಿನ ಗಾಯಕ್ಕೆ, ಅಲ್ಲಿಂದ ಆಚೆಯದಕ್ಕೆ. ಎಲ್ಲವೂ ಒಂದೇ ಗೆರೆಯ ಆಚೀಚೆ ಇದ್ದವು. ಯಾರೋ ಮರದ ಹಸಿರಿನೊಳಗೆ ಒಂದು ಕಿಂಡಿ ಕೊರೆದಿದ್ದರು, ನೇರವಾಗಿ, ಬಿಂದಿಗೆಯ ಬಾಯಿಯಷ್ಟು ಅಗಲಕ್ಕೆ. ಒಳಗಿನ ಭಾಗದಲ್ಲಿ ಈಗ ಹೊಸ ಕುಡಿಗಳು ಎದ್ದು ಅದು ಮುಚ್ಚಿಹೋಗಿತ್ತು.

ಅವಳು ಮುಖವನ್ನು ಆ ಗೆರೆಗೆ ತಂದು, ಎರಡೂ ಕೈಗಳಿಂದ ಕುಡಿಗಳನ್ನು ಸರಿಸಿದಳು. ಬೀದಿಯ ಮನೆಗಳ ತಾರಸಿ, ನೀರಿನ ಟ್ಯಾಂಕುಗಳು, ಅವುಗಳಾಚೆ ಗ್ರಂಥಾಲಯದ ಚೌಕಾಕಾರದ ಗೋಪುರ, ಗೋಪುರದ ಮೇಲೆ ಬಿಳಿ ಗಡಿಯಾರ. ಸರಿಯಾಗಿ ನಡುವಿಗೆ, ಪಟಕ್ಕೆ ಚೌಕಟ್ಟು ಹಾಕಿದಂತೆ.

ಹಿಂದಿರುಗಿ ಇನ್ನೊಂದು ತುದಿ ನೋಡಿದಳು. ಗೋಡೆಯಾಚೆಯ ಮನೆಯ ಮಹಡಿ ಕಿಟಕಿ. ಅವಳು ನೋಡುತ್ತಿದ್ದಂತೆಯೇ ಅದರ ಪರದೆ ಅಲುಗಿ ಮುಚ್ಚಿಕೊಂಡಿತು.

"ಭಾವ, ಹಗ್ಗ ಬಿಡಿ. ಇಳೀತೀನಿ."

"ಒಂದು ಕೊಂಬೆ ಕಡೀಲಿಲ್ಲ, ಆಗಲೇ ಇಳಿಯೋದಾ?"

"ಯಾರು ಅಂತ ನೋಡ್ದೆ ನನ್ನ ಕೈ ಓಡಲ್ಲ."

ಹಿಂದಿನ ಬೀದಿಗೆ ಸುತ್ತಿಕೊಂಡು ಹೋಗಿ ಆ ಮನೆಯ ಬಾಗಿಲು ತಟ್ಟಿದಾಗ ಒಳಗೆ ಹೊಲಿಗೆ ಯಂತ್ರದ ಸದ್ದು ನಿಂತಿತು. ಬಾಗಿಲು ತೆಗೆದವಳ ಕೊರಳಲ್ಲಿ ಅಳತೆಪಟ್ಟಿ ನೇತಾಡುತ್ತಿತ್ತು. ಅವಳ ಹಿಂದೆ ಶಾಲೆಯ ಸಮವಸ್ತ್ರದ ನೀಲಿ ಅಂಗಿಗಳು ರಾಶಿ ಬಿದ್ದಿದ್ದವು, ಕಾಲರ್ ಇಲ್ಲದ್ದು ಒಂದು ಕಡೆ, ಇದ್ದದ್ದು ಒಂದು ಕಡೆ. ಗರಗಸದಕ್ಕ ಏನೂ ಹೇಳುವ ಮೊದಲೇ ಅವಳ ಕಣ್ಣು ತುಕ್ಕು ಹಿಡಿದ ಗರಗಸದ ಮೇಲೆ ಬಿತ್ತು.

"ಅಯ್ಯೋ! ಮಾವಂದು ಇದು. ಎಲ್ಲೋ ಕಳೆದುಹೋಯ್ತು ಅಂದಿದ್ರು!" ಎಂದವಳು ಮೆಟ್ಟಿಲ ಕಡೆ ತಿರುಗಿ ದನಿಯೆತ್ತಿದಳು. "ಮಾವ! ಮತ್ತೆ ಗೋಡೆ ಹತ್ತಿದ್ರಾ?"

ಸೊಸೆ ದನಿ ತಗ್ಗಿಸಿದಳು. "ನಾಲ್ಕು ತಿಂಗಳ ಹಿಂದೆ ನೋಡ್ತೀನಿ, ಕಾಂಪೌಂಡ್ ಗೋಡೆ ಮೇಲೆ ನಿಂತಿದ್ದಾರೆ! ಎಪ್ಪತ್ತೈದು ವರ್ಷ, ಕೈ ನಡುಗುತ್ತೆ. ನನ್ನ ಜೀವವೇ ಬಾಯಿಗೆ ಬಂತು. ಅವತ್ತೇ ಏಣೀನ ನನ್ನ ತಮ್ಮನ ಮನೆಗೆ ಕಳಿಸಿಬಿಟ್ಟೆ. ಅವತ್ತಿಂದ ಸರಿಯಾಗಿ ಮಾತಿಲ್ಲ. ಬೆಳಗಿಂದ ಸಂಜೆವರೆಗೆ ಕಿಟಕಿ ಮುಂದೆ ಕೂತು ಆ ಮರಾನೇ ನೋಡ್ತಾರೆ. ನಾವಿಬ್ರೂ ಅಂದ್ಕೊಂಡ್ವಿ..." ಅವಳು ಹಣೆಯ ಪಕ್ಕ ಬೆರಳಿಟ್ಟು ತೋರಿಸಿದಳು. "ನನ್ನ ಗಂಡ ಮುಂದಿನ ವಾರ ದೊಡ್ಡ ಆಸ್ಪತ್ರೆಗೆ ತೋರಿಸೋಣ ಅಂತಿದ್ದಾರೆ."

"ಅವರು ಮರ ನೋಡ್ತಿಲ್ಲಮ್ಮ," ಎಂದಳು ಗರಗಸದಕ್ಕ. "ಒಂದ್ನಿಮಿಷ ಮೇಲೆ ಹೋಗ್ಲಾ?"

ಮಹಡಿಯ ಕೋಣೆಯಲ್ಲಿ ಮಂಚ, ರೇಡಿಯೋ, ಒಂದು ಕುರ್ಚಿ. ಕುರ್ಚಿಯಲ್ಲಿ ಕೂತಿದ್ದ ಯಜಮಾನರು ಎದ್ದು ನಿಂತರು, ಅಂಗಿಯ ಮೇಲಿನ ಗುಂಡಿಯನ್ನೂ ಹಾಕಿಕೊಂಡಿದ್ದರು. ಪೊಲೀಸರು ಬಂದರೆ ಜೊತೆಗೆ ಹೊರಡಲು ಸಿದ್ಧವಾದವರ ಹಾಗೆ. ಎರಡೂ ಕೈಗಳನ್ನು ಹಿಂದೆ ಕಟ್ಟಿಕೊಂಡಿದ್ದರು.

"ತಪ್ಪು ನನ್ನದೇ," ಎಂದರು. "ಡಾಕ್ಟ್ರಮ್ಮನಿಗೆ ನಾನೇ ಬಂದು ಹೇಳ್ಬೇಕಿತ್ತು. ಸೊಸೆಗೇನೂ ಗೊತ್ತಿಲ್ಲ, ಅವಳನ್ನ ಎಳೀಬೇಡಿ."

"ಯಜಮಾನ್ರೇ, ನಾನು ಜಗಳಕ್ಕೆ ಬಂದಿಲ್ಲ. ನಿಮಗೆ ಇದನ್ನ ಕಲಿಸಿದ್ದು ಯಾರು?"

ಅವರಿಗೆ ಪ್ರಶ್ನೆ ಅರ್ಥವಾಗಲಿಲ್ಲ. ಗರಗಸದಕ್ಕ ಮಂಚದ ಅಂಚಿನಲ್ಲಿ ಕೂತು, ತಾನು ಮರದಲ್ಲಿ ಕಂಡದ್ದನ್ನು ಒಂದೊಂದಾಗಿ ಹೇಳಿದಳು. ಮೊದಲ ವರ್ಷದ ಸೀಳು. ಎರಡನೆಯ ವರ್ಷದ ಎಚ್ಚರ. ಕೆಳಗಿನ ಕಚ್ಚು. ನಾಲ್ಕನೆಯ ವರ್ಷದ ಉಂಗುರಗಳು. ಗೀರುಗಳ ವಿಷಯ ಬಂದಾಗ ಮಾತ್ರ ಮಾತು ನುಂಗಿದಳು. ಯಜಮಾನರು ನಿಧಾನವಾಗಿ ಕುರ್ಚಿಗೆ ಕುಸಿದರು. ಬೆನ್ನಹಿಂದಿನ ಕೈಗಳು ಮುಂದಕ್ಕೆ ಬಂದವು. ಅವು ಗಾಳಿಗೆ ಸಿಕ್ಕ ಎಲೆಯ ಹಾಗೆ ನಡುಗುತ್ತಿದ್ದವು.

"ಇದೂ ಕಾಣಿಸ್ತಾ ಅಲ್ಲಿ?" ಎಂದು ಕೈಗಳನ್ನೇ ತೋರಿಸಿದರು.

"ಕಾಣಿಸ್ತು."

ಅವರು ತಲೆಯಾಡಿಸಿದರು. ಯಾಕೋ ಅವರ ಮುಖದಲ್ಲಿ ಬೇಸರಕ್ಕಿಂತ ಕುತೂಹಲವೇ ಹೆಚ್ಚಿತ್ತು. "ಯಾರೂ ಕಲಿಸ್ಲಿಲ್ಲಮ್ಮ. ಮೊದಲನೇದು ಕೊಳೀತು. ಯಾಕೆ ಅಂತ ಯೋಚ್ನೆ ಮಾಡ್ದೆ. ಮರುವರ್ಷ ಬೇರೆ ಥರ ಕೊಯ್ದು ನೋಡ್ದೆ. ಯಾವುದು ಬೇಗ ಮುಚ್ಕೊಳ್ಳುತ್ತೋ ಅದೇ ಸರಿ ಅಂತ ಗೊತ್ತಾಗ್ತಾ ಹೋಯ್ತು. ಮೂವತ್ತೊಂದು ವರ್ಷ ಆ ಗಡಿಯಾರಕ್ಕೆ ಕೀಲಿ ಕೊಟ್ಟವನು ನಾನು. ಗಡಿಯಾರ ಬಾಯಿ ಬಿಟ್ಟು ಹೇಳುತ್ತಾ, ಇಂಥ ಹಲ್ಲು ಸವೆದಿದೆ ಅಂತ? ನಾವೇ ಕಾದು ನೋಡ್ಬೇಕು."

ನಿವೃತ್ತಿಯಾದ ಮೇಲೆ ಕೀಲಿ ಗ್ರಂಥಾಲಯದ ಗುಮಾಸ್ತನ ಕೈಗೆ ಹೋಯಿತಂತೆ. ಕೀಲಿಯೇನೋ ವಾರಕ್ಕೊಮ್ಮೆ ಕೊಡುತ್ತಿದ್ದ, ಆದರೆ ಗಡಿಯಾರ ಮುಂದೆ ಓಡಿತೋ ಹಿಂದೆ ಬಿತ್ತೋ ನೋಡುವವರಿಲ್ಲ. ಚಳಿಗೆ ಅದು ಮುಂದೆ ಓಡುತ್ತದೆ, ಸೆಕೆಗೆ ಹಿಂದೆ ಬೀಳುತ್ತದೆ. ಯಜಮಾನರು ಇಲ್ಲಿ ಕೂತು, ರೇಡಿಯೋದ ಗಂಟೆ ಸದ್ದಿಗೆ ಹೋಲಿಸಿ, ಎರಡು ನಿಮಿಷಕ್ಕಿಂತ ಹೆಚ್ಚು ತಪ್ಪಿದರೆ ಗ್ರಂಥಾಲಯಕ್ಕೆ ಫೋನ್ ಮಾಡುತ್ತಿದ್ದರು. ಹೆಸರು ಹೇಳುತ್ತಿರಲಿಲ್ಲ.

"ಯಾಕೆ?"

"ರಿಟೈರ್ ಆದವನು ಇನ್ನೂ ಮೂಗು ತೂರಿಸ್ತಾನೆ ಅಂದ್ಕೊಳ್ತಾರಲ್ಲ! ಅದಕ್ಕೇ ಒಂದ್ಸಲ 'ಒಬ್ಬ ಓದುಗ' ಅಂತಿದ್ದೆ. ಇನ್ನೊಂದ್ಸಲ 'ನಿಮ್ಮ ಗಡಿಯಾರ ನಂಬಿ ಬಸ್ ತಪ್ಪಿಸ್ಕೊಂಡವನು' ಅಂತ. ಒಂದ್ಸಲ ಹೆಂಗಸಿನ ದನಿ ಮಾಡಿದ್ದೂ ಉಂಟು." ಅವರು ಕಳ್ಳನಗೆ ನಕ್ಕರು. ಆಮೇಲೆ ಕಿಟಕಿಯ ಕಡೆ ತಿರುಗಿದರು. "ಮರ ಬೆಳೀತಾನೇ ಇತ್ತು. ಹೋದ ವರ್ಷ ಕೆಳಗಿನ ಅರ್ಧ ಮುಚ್ಚಿತು. ದೊಡ್ಡ ಮುಳ್ಳು ಮೂರರಲ್ಲಿ ಮುಳುಗಿದ್ರೆ ಒಂಬತ್ತರಲ್ಲಿ ಏಳ್ತಿತ್ತು. ಅಷ್ಟಾದ್ರೂ ಲೆಕ್ಕ ಸಿಗ್ತಿತ್ತು. ಈಗ ಎರಡು ತಿಂಗಳಿಂದ ಏನೂ ಇಲ್ಲ, ಬರೀ ಎಲೆ."

ಬಾಗಿಲಲ್ಲಿ ನಿಂತಿದ್ದ ಸೊಸೆ ಅಳತೆಪಟ್ಟಿಯನ್ನು ಬೆರಳಿಗೆ ಸುತ್ತುತ್ತಾ, ಬಿಚ್ಚುತ್ತಾ ಇದ್ದಳು. "ಇಷ್ಟೇ ವಿಷಯ ಆಗಿದ್ರೆ ಹೇಳ್ಬಾರ್ದಿತ್ತಾ ಮಾವ?"

"ಹೇಳಿದ್ರೆ ನಗ್ತಿದ್ರಿ."

"ನಗ್ತಿದ್ವಿ," ಎಂದು ಅವಳು ಒಪ್ಪಿಕೊಂಡಳು. "ನಕ್ಕು ಏಣಿ ಹಿಡ್ಕೋತಿದ್ವಿ."

ಗರಗಸದಕ್ಕ ಹಿಂದಿರುಗಿ ಡಾಕ್ಟರಿಗೆ ಎಲ್ಲ ಹೇಳಿದಳು. ಕಿಂಡಿ ತೆರೆಯಲು ಎಂಟು ಕುಡಿ, ಎರಡು ಕೊಂಬೆ ತೆಗೆದರೆ ಸಾಕು, ಮರಕ್ಕೇನೂ ನಷ್ಟವಿಲ್ಲ ಎಂದಳು. ಡಾಕ್ಟರು ಕೇಳಿಸಿಕೊಂಡು, ಬಿಳಿ ಕೋಟಿನಲ್ಲೇ ಹಿಂದಿನ ಬೀದಿಗೆ ಹೊರಟರು. ಅವರ ನಡಿಗೆ ನೋಡಿ ಭಾವ, "ಯಜಮಾನ್ರ ಕಥೆ ಮುಗೀತು," ಎಂದರು. ಗರಗಸದಕ್ಕ ಹಿಂದೆಯೇ ಓಡಿದಳು.

ಡಾಕ್ಟರು ಮಹಡಿಯ ಬಾಗಿಲಲ್ಲಿ ನಿಂತು ಕೇಳಿದ್ದು ಒಂದೇ ಮಾತು. "ಗೋಡೆ ಪಕ್ಕದಲ್ಲೇ ಒಂಬತ್ತು ವರ್ಷದಿಂದ ನಾನಿದ್ದೀನಿ. ಒಂದು ದಿನ ಬೆಲ್ ಒತ್ತಿ ಕೇಳೋಕೆ ಏನಾಗಿತ್ತು?"

"ಮೊದಲನೇ ಸಲ ಕೇಳ್ದೆ ಕತ್ತರಿಸಿಬಿಟ್ಟೆ. ಆಮೇಲೆ ಕೇಳೋಕೆ ಮುಖ ಇರ್ಲಿಲ್ಲ." ಯಜಮಾನರು ತಲೆ ತಗ್ಗಿಸಿದರು. "ನನ್ನ ಹಲ್ಲಿನ ಸೆಟ್ಟು ಸಡಿಲ ಆಗಿ ಮೂರು ವರ್ಷ ಆಯ್ತು ಡಾಕ್ಟ್ರೇ. ಎರಡು ಬಸ್ ಬದಲಾಯಿಸಿ ಬೇರೆ ಡಾಕ್ಟ್ರ ಹತ್ರ ಹೋಗ್ತೀನಿ. ನಿಮ್ಮ ಮರ ಕಡಿದು ನಿಮ್ಮ ಮುಂದೇನೇ ಬಾಯಿ ತೆಗೆಯೋದು ಹೇಗೆ?"

ಡಾಕ್ಟರು ಕೋಪ ಉಳಿಸಿಕೊಳ್ಳಲು ನೋಡಿದರು, ಆಗಲಿಲ್ಲ. ಬಾಗಿಲಿಗೆ ಒರಗಿ ನಕ್ಕುಬಿಟ್ಟರು. "ಆ ಡಾಕ್ಟ್ರು ಸೆಟ್ಟನ್ನ ಸರಿಯಾಗಿ ಕೂರಿಸಿಲ್ಲ," ಎಂದರು. "ಮಾತಾಡ್ವಾಗ ಟಕ್ ಟಕ್ ಅಂತಿದೆ. ಬನ್ನಿ ನಾಳೆ." ಆಮೇಲೆ ಗರಗಸದಕ್ಕನಿಗೆ, "ತೆಗೀರಿ ಆ ಕೊಂಬೆ," ಎಂದರು.

ಮಧ್ಯಾಹ್ನ ಮೂರೂವರೆಗೆ ಕೆಲಸ ಶುರುವಾಯಿತು. ಗರಗಸದಕ್ಕ ಮರದೊಳಗೆ, ಭಾವ ಬುಡದಲ್ಲಿ, ಕಿಟಕಿಯಲ್ಲಿ ಯಜಮಾನರು, ಅವರ ಪಕ್ಕದಲ್ಲಿ ಸೊಸೆ. ಯಜಮಾನರ ದನಿ ಮರದವರೆಗೆ ಮುಟ್ಟದ್ದರಿಂದ ಸೊಸೆಯೇ ಕೂಗಿ ಹೇಳಬೇಕಾಗಿತ್ತು.

"ಎಡಗಡೆದು ಅಂತೆ!"

"ಯಾರ ಎಡ? ಅವರ ಎಡವೋ ನನ್ನ ಎಡವೋ?"

"ಮಾವನ ಎಡ!"

"ಇದಾ?"

"ಅಲ್ಲವಂತೆ, ಅದರ ಹಿಂದಿಂದು. ಹಾಂ, ಅದೇ. ಕೊರಳು ಬಿಟ್ಟು ಕೊಯ್ಯಿ ಅಂತ ಹೇಳ್ತಿದ್ದಾರೆ."

ಗರಗಸದಕ್ಕ ತಿರುಗಿ ನೋಡಿದಳು. ಕೆಲಸ ಕಲಿತು ಮುಗಿದ ಮೇಲೆ ಅವಳಿಗೆ ಯಾರೂ ಹೀಗೆ ಹೇಳಿಕೊಟ್ಟಿರಲಿಲ್ಲ. ಕೆಳಗೆ ಭಾವ ಕೆಮ್ಮಿದಂತೆ ಮಾಡಿ ನಗು ಅಡಗಿಸಿದರು. ಅವಳು ಕೊರಳು ಬಿಟ್ಟೇ ಕೊಯ್ದಳು.

ಮೊದಲು ಕುಡಿಗಳು ಬಿದ್ದವು. ಆಮೇಲೆ ಗರಗಸ ಕಚ್ಚಿಕೊಂಡಿದ್ದ ಕೊಂಬೆ. ಅದನ್ನು ಹಗ್ಗಕ್ಕೆ ಕಟ್ಟಿ, ಮೇಲಿಂದ ಹೊಸ ಕೊಯ್ತ ಹಾಕಿ, ತೂಗುತ್ತಾ ಇಳಿಸಿದರು. ಏಳು ವರ್ಷದ ಹಿಂದಿನ ಕೊಳೆತ ಜಾಗವನ್ನು ಅವಳು ಮುಟ್ಟಿ ನೋಡಿ ಹಾಗೇ ಬಿಟ್ಟಳು. ಸುತ್ತ ಮರವೇ ಗಟ್ಟಿ ಗೋಡೆ ಕಟ್ಟಿಕೊಂಡಿತ್ತು. ಈಗ ಕೆದಕಿದರೆ ಒಳ್ಳೆಯದಕ್ಕಿಂತ ಕೆಟ್ಟದ್ದೇ ಹೆಚ್ಚು. ಕೊನೆಯ ಕೊಂಬೆ ಸರಿದಾಗ ಯಜಮಾನರು ಗೋಪುರವನ್ನೊಮ್ಮೆ, ರೇಡಿಯೋಕ್ಕೆ ಹೊಂದಿಸಿಟ್ಟ ತಮ್ಮ ಕೈಗಡಿಯಾರವನ್ನೊಮ್ಮೆ ನೋಡಿದರು. ಗರಗಸದಕ್ಕ ಕಾದಳು.

"ಏನಂತಾರೆ?" ಎಂದು ಕೂಗಿದಳು.

ಸೊಸೆ ಕಿಟಕಿಯಿಂದ ಬಗ್ಗಿದಳು. "ಹನ್ನೊಂದು ನಿಮಿಷ ಹಿಂದೆ ಇದೆಯಂತೆ!"

ಗರಗಸದಕ್ಕ ಹಗ್ಗ ಬಿಚ್ಚಿಕೊಂಡು ಮಹಡಿಗೆ ಓಡಿ ಹೋಗುವಷ್ಟರಲ್ಲಿ ಯಜಮಾನರು ಆಗಲೇ ಫೋನ್ ಕೈಗೆತ್ತಿಕೊಂಡಿದ್ದರು. ಅಂಕಿ ಒತ್ತಲು ಬೆರಳು ನಿಲ್ಲುತ್ತಿರಲಿಲ್ಲ. ಸೊಸೆ ಫೋನ್ ತೆಗೆದುಕೊಂಡು, ಅವರು ಬಾಯಿಪಾಠವಾಗಿ ಹೇಳಿದ ಅಂಕಿಗಳನ್ನು ಒತ್ತಿ, ಸದ್ದು ಎಲ್ಲರಿಗೂ ಕೇಳುವ ಹಾಗೆ ಮಾಡಿ ಕಿಟಕಿಯ ಕಟ್ಟೆಯ ಮೇಲಿಟ್ಟಳು. ಯಜಮಾನರು ಗಂಟಲು ಸರಿಮಾಡಿಕೊಂಡು, ದನಿಯನ್ನು ದಪ್ಪ ಮಾಡಿದರು.

"ಹಲೋ, ನಾನು ಒಬ್ಬ ಓದುಗ ಮಾತಾಡ್ತಿರೋದು. ನಿಮ್ಮ ಗಡಿಯಾರ..."

"ಸಾರ್!" ಆ ಕಡೆಯ ದನಿ ಚೀರಿದಂತೆ ಬಂತು. ಗ್ರಂಥಾಲಯದ ಗುಮಾಸ್ತ. "ಎಲ್ಲಿ ಹೋಗ್ಬಿಟ್ರಿ ಸಾರ್? ಎರಡು ತಿಂಗಳಾಯ್ತು ಫೋನೇ ಇಲ್ಲ! ಹುಷಾರಾಗಿದ್ದೀರಾ?"

ಯಜಮಾನರು ಫೋನಿನತ್ತ ಬಗ್ಗಿದರು.

"ನನ್ನ ಗುರ್ತು ನಿಮಗೆ..."

"ಎಂಟು ವರ್ಷದಿಂದ ಗೊತ್ತು ಸಾರ್. ಗಡಿಯಾರದ ಮನೆಗೆ ಕೀಲಿ ಕೊಡೋಕೆ ಹತ್ತಿದಾಗ ಗೋಡೆ ಮೇಲೆ ನಿಮ್ಮ ಅಕ್ಷರ ನೋಡ್ತೀನಲ್ಲ, 'ಎಣ್ಣೆ ಒಂದೇ ಹನಿ' ಅಂತ ಬರ್ದಿದ್ದೀರಿ. ಹಾಗೆ ಗದರಿಸೋರು ಇನ್ಯಾರಿದ್ದಾರೆ? ಹೆಂಗಸಿನ ದನಿ ಮಾಡಿದ ದಿನ ಮಾತ್ರ ನಾವೆಲ್ಲ ಬಿದ್ದು ಬಿದ್ದು ನಕ್ವಿ." ಅವನು ಸ್ವಲ್ಪ ತಡೆದ. "ನಿಮ್ಮ ಫೋನ್ ಬರ್ದಿದ್ರೆ ನಾನು ಸರಿಯಾಗಿದೆ ಅಂತ ಬಿಡ್ತೀನಿ ಸಾರ್. ಅದೇ ರೂಢಿ ಆಗ್ಬಿಟ್ಟಿದೆ. ಎಷ್ಟು ತಪ್ಪಿದೆ ಈಗ?"

"ಹನ್ನೊಂದು ನಿಮಿಷ," ಎಂದರು ಯಜಮಾನರು. ಈ ಸಲ ಅವರದೇ ದನಿ. "ಮೇಲೆ ಹತ್ತು. ಫೋನ್ ಹಿಡ್ಕೊಂಡೇ ಹತ್ತು. ನಾನು ಇಲ್ಲಿಂದ ಹೇಳ್ತೀನಿ."

ಫೋನಿನಲ್ಲಿ ಮೆಟ್ಟಿಲು ಹತ್ತುವ ಸದ್ದು, ಏದುಸಿರು, ಯಾವುದೋ ಕಬ್ಬಿಣದ ಬಾಗಿಲು ಕಿರ್ರೆನ್ನುವ ದನಿ ಕೇಳಿಸಿತು. ನಾಲ್ಕೂ ಜನ ಕಿಟಕಿಗೆ ಮುಖ ಒತ್ತಿದರು. ಡಾಕ್ಟರು ಒಬ್ಬ ರೋಗಿಯನ್ನು ಕುರ್ಚಿಯಲ್ಲೇ ಬಿಟ್ಟು ಬಂದಿದ್ದರು. ಬಾಯಿಗೆ ಹತ್ತಿ ಇಟ್ಟಿದ್ದರಿಂದ ಆ ರೋಗಿ ಆಕ್ಷೇಪಿಸುವ ಸ್ಥಿತಿಯಲ್ಲಿರಲಿಲ್ಲ. ಎಲೆಗಳ ನಡುವಿನ ದುಂಡು ಕಿಂಡಿಯ ಆಚೆ, ತಾರಸಿಗಳನ್ನು ದಾಟಿ, ಬಿಳಿ ಮುಖದ ಮೇಲೆ ದೊಡ್ಡ ಮುಳ್ಳು ಒಮ್ಮೆ ನಡುಗಿತು. ಆಮೇಲೆ ಸರಕ್ಕನೆ ಮುಂದೆ ಹೋಯಿತು.

"ಜಾಸ್ತಿ ಆಯ್ತು," ಎಂದರು ಯಜಮಾನರು. "ಎರಡು ಹಿಂದೆ ಬಾ. ಹಿಂದೆ ಅಂದ್ರೆ ತಿರುಪು ಪೂರ್ತಿ ಸಡಿಲಿಸಿ ಬಾ, ಮುಳ್ಳು ಎಳೀಬೇಡ. ಇನ್ನೊಂಚೂರು. ಹಾಂ. ಈಗ ಕೈ ತೆಗಿ."

ಗರಗಸದಕ್ಕನಿಗೆ ಕೆಳಗೆ ಮಾಡಿನ ಮೇಲಿನ ಕೊಂಬೆಗಳೆಲ್ಲ ಇನ್ನೂ ಬಾಕಿಯಿದ್ದವು. ಆದರೂ ಐದು ಗಂಟೆಯ ರೇಡಿಯೋ ಸದ್ದಿನವರೆಗೆ ಅಲ್ಲೇ ನಿಂತಳು. ಸದ್ದು ಬಂದಾಗ ದೊಡ್ಡ ಮುಳ್ಳು ಹನ್ನೆರಡರ ಮೇಲೆ ಕೂದಲೆಳೆ ತಪ್ಪದೆ ನಿಂತಿತ್ತು. ಯಜಮಾನರು ಸೊಸೆಯ ಕಡೆ ನೋಡಿದರು. ಅವಳು ಸೆರಗಿನಿಂದ ಕಿಟಕಿಯ ಗಾಜು ಒರೆಸುತ್ತಿದ್ದಳು.

"ಆಸ್ಪತ್ರೆ ಬೇಡ ಅಂತ ಇವರಿಗೆ ಹೇಳ್ತೀನಿ," ಎಂದಳು. "ಕೈ ನಡುಕಕ್ಕೆ ಮಾತ್ರ ಹೋಗ್ಬೇಕು ಮಾವ. ಅದಕ್ಕೆ ತಕರಾರು ಮಾಡ್ಬೇಡಿ."

ತಕರಾರು ಮಾಡಲಿಲ್ಲವಂತೆ. ಔಷಧಿಯಿಂದ ನಡುಕ ಸ್ವಲ್ಪ ಹಿಡಿತಕ್ಕೆ ಬಂತು, ಪೂರ್ತಿ ಹೋಗಲಿಲ್ಲ. ಹಲ್ಲಿನ ಸೆಟ್ಟು ಮಾತ್ರ ಟಕ್ ಟಕ್ ನಿಲ್ಲಿಸಿತು. ಗೋಡೆ ಹತ್ತುವ ಮಾತನ್ನು ಯಾರೂ ಎತ್ತಲಿಲ್ಲ.

ಮರುವರ್ಷ ಅದೇ ತಿಂಗಳು ಗರಗಸದಕ್ಕ ಡಾಕ್ಟರ ಮನೆಗೆ ಬಂದಳು. ಹೊಸ ಕುಡಿಗಳನ್ನು ಸವರಿ, ತನ್ನ ಹಳೆಯ ಗಾಯಗಳ ಫೋಟೋ ತೆಗೆದು, ಮಹಡಿಯ ಕೋಣೆಗೆ ಹೋಗಿ ತೋರಿಸಿದಳು. ಯಜಮಾನರು ಕನ್ನಡಕ ಏರಿಸಿ ಒಂದೊಂದನ್ನೇ ಹಿಗ್ಗಿಸಿ ನೋಡಿದರು. ಎರಡರಲ್ಲಿ ತುಟಿ ಬೆರಳಗಲ ಬಂದಿತ್ತು.

"ಮೂರನೇದು ಯಾಕೆ ಹಿಂದೆ ಬಿದ್ದಿದೆ?" ಎಂದು ಕೇಳಿದರು. "ಮೇಲೆ ಸರಿಯಾಗಿ ಬಂದಿದೆ, ಕೆಳಗೆ ಬಂದಿಲ್ಲ. ಕೊಯ್ತ ಒಂದೇ ಥರ ಇದೆಯಲ್ಲ?"

ಗರಗಸದಕ್ಕ ಫೋಟೋವನ್ನು ತನ್ನ ಕಡೆ ತಿರುಗಿಸಿಕೊಂಡಳು. ಹೌದು, ಒಂದೇ ಥರ ಇತ್ತು. ಒಂದೇ ದಿನದ್ದು, ಒಂದೇ ಗರಗಸದ್ದು, ಒಂದೇ ಕೈಯದು.

"ಗೊತ್ತಿಲ್ಲ ಯಜಮಾನ್ರೇ," ಎಂದಳು.

"ನೀರು ಆ ಕಡೆ ಇಳೀತಿದೆಯೋ ಏನೋ. ಅಥವಾ ಅದರ ಕೆಳಗಿನ ಕೊಂಬೆಗೆ ಎಲೆ ಕಮ್ಮಿ ಇದೆಯಾ?"

"ನೋಡಿಲ್ಲ."

ಇಬ್ಬರೂ ಕಿಟಕಿಯಿಂದ ಮರವನ್ನೇ ನೋಡಿದರು. ಹಿತ್ತಲಲ್ಲಿ ಭಾವ ಆಗಲೇ ಹಗ್ಗ ಸುತ್ತಿ ಚೀಲಕ್ಕೆ ತುಂಬುತ್ತಿದ್ದರು. ಗರಗಸದಕ್ಕ ಕಿಟಕಿಯಿಂದ ಬಗ್ಗಿ, ಹಗ್ಗ ಹೊರಗೇ ಇರಲಿ, ಇನ್ನೊಂದು ಸಲ ಹತ್ತಬೇಕು ಎಂದು ಕೂಗಿ, ಮೆಟ್ಟಿಲಿಳಿದಳು.